ಉದ್ಯಾನದ ಜಾಗ, ಆಸ್ಪತ್ರೆಯ ಆದೇಶ: ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದ ಅಧ್ಯಯನ

ಬೆಂಗಳೂರಿನ ಸ್ಯಾಂಕಿ ಕೆರೆಯ ಹತ್ತಿರ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ನಕ್ಷೆಯ ಪ್ರಕಾರ ಉದ್ಯಾನಕ್ಕೆಂದು ಬಿಟ್ಟ ಒಂದು ಜಾಗವಿತ್ತು. ಸರ್ಕಾರ ಅದನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್ ಒಂದಕ್ಕೆ ಕೊಡಿಸಿತು. ಸುತ್ತಲಿನ ನಿವಾಸಿಗಳು ಒಪ್ಪಲಿಲ್ಲ. ತಕರಾರು ಹೈಕೋರ್ಟಿನ ಏಕಸದಸ್ಯ ಪೀಠಕ್ಕೆ, ಅಲ್ಲಿಂದ ವಿಭಾಗೀಯ ಪೀಠಕ್ಕೆ, ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈ 19ರಂದು ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ನಿವಾಸಿಗಳ ಪರ ತೀರ್ಪು ಕೊಟ್ಟರು. ಕಾನೂನು ವರದಿಗಳಲ್ಲಿ ಇದು 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ' ಎಂದೇ ಪ್ರಸಿದ್ಧ. ಬಡಾವಣೆಯ ಜಾಗಗಳ ಬಗ್ಗೆ ದೇಶದ ಯಾವ ಮೂಲೆಯಲ್ಲಿ ವ್ಯಾಜ್ಯ ನಡೆದರೂ ವಕೀಲರು ಮೊದಲು ತೆಗೆಯುವ ತೀರ್ಪುಗಳಲ್ಲಿ ಇದೊಂದು.

ಈ ಹಳೆಯ ಪ್ರಕರಣವನ್ನು ಮತ್ತೆ ಬಿಡಿಸಿ ನೋಡಲು ಕಾರಣವಿದೆ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಜಾಗದಲ್ಲಿ ವಸತಿ ಸಮುಚ್ಚಯ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದರೆ ಸುತ್ತಮುತ್ತಲಿನವರು ಕೇಳುವ ಪ್ರಶ್ನೆಗಳೆಲ್ಲ ಇದರಲ್ಲಿವೆ. ಆ ಜಾಗ ಯಾರದು? ಬಳಕೆ ಬದಲಿಸುವ ಅಧಿಕಾರ ಯಾರಿಗಿದೆ? ಪಕ್ಕದ ಮನೆಯವರಿಗೆ ಪ್ರಶ್ನಿಸುವ ಹಕ್ಕಿದೆಯೇ? ಹೊಸದಾಗಿ ಬರುವುದು ಒಳ್ಳೆಯ ಕಟ್ಟಡವೇ ಆದರೆ ವಿರೋಧಿಸುವುದು ಸರಿಯೇ? ನನ್ನ ಮಟ್ಟಿಗೆ ಈ ತೀರ್ಪಿನ ತಿರುಳು ಇಷ್ಟು: ನಿವಾಸಿಗಳು ಗೆದ್ದದ್ದು ಆಸ್ಪತ್ರೆ ಕೆಟ್ಟದ್ದೆಂದು ತೋರಿಸಿ ಅಲ್ಲ, ಆಸ್ಪತ್ರೆಗೆ ಆ ಜಾಗ ಸಿಕ್ಕ ದಾರಿ ಕಾನೂನಿನಲ್ಲೇ ಇಲ್ಲವೆಂದು ತೋರಿಸಿ. ಇದನ್ನು ಮರೆತ ಹೋರಾಟಗಳು ಬೀದಿಯಲ್ಲಿ ಎಷ್ಟೇ ಸದ್ದು ಮಾಡಿದರೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಜಾಗ ಮತ್ತು ನಕ್ಷೆ

ಸ್ಯಾಂಕಿ ಕೆರೆಯನ್ನು ಕಟ್ಟಿಸಿದ್ದು 1882ರಲ್ಲಿ, ಕರ್ನಲ್ ಸ್ಯಾಂಕಿ ಎಂಬ ಎಂಜಿನಿಯರ್. ಕೆರೆಯ ಆಸುಪಾಸಿನಲ್ಲಿ ರಾಜಮಹಲ್ ವಿಲಾಸ್ ಬಡಾವಣೆ ಬಂದದ್ದು ಬಹಳ ತಡವಾಗಿ. ಅದರ ಹಳೆಯ ಭಾಗವನ್ನು ನಾವು ಇಂದು ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಹೆಸರಿನಲ್ಲಿ ಸದಾಶಿವನಗರ ಎನ್ನುತ್ತೇವೆ. ಆಗ ಇನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟಿರಲಿಲ್ಲ. 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆಯಡಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಡಾವಣೆಗಳನ್ನು ರೂಪಿಸುತ್ತಿತ್ತು. ಯೋಜನೆ ಸಿದ್ಧವಾಗಿ ಸರ್ಕಾರದ ಮಂಜೂರಾತಿ ಪಡೆದ ಮೇಲೆ ನಿವೇಶನಗಳ ಹಂಚಿಕೆಯಾಗುತ್ತಿತ್ತು. ಈ ಪ್ರಕರಣದ ಜಾಗ ಹಾಗೆ ಮಂಜೂರಾದ ಯೋಜನೆಯಲ್ಲಿ ಉದ್ಯಾನಕ್ಕೆ ಮೀಸಲಾಗಿತ್ತು. 1976ರಲ್ಲಿ ಬಿಡಿಎ ಕಾಯ್ದೆ ಬಂದು ಹಳೆಯ ಕಾಯ್ದೆ ರದ್ದಾದರೂ ಹಳೆಯ ಯೋಜನೆಗಳು ರದ್ದಾಗಲಿಲ್ಲ. ಅವು ಹೊಸ ಕಾಯ್ದೆಯಡಿಯಲ್ಲೇ ಮುಂದುವರಿದವು.

ಬಡಾವಣೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ ಸಮಾಧಾನದಿಂದ ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಸಾಲುಸಾಲಾಗಿ ಚೌಕಗಳು, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ಅಳತೆ, ನಡುವೆ ರಸ್ತೆ, ರಸ್ತೆಯ ಅಗಲ. ಇವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ನಿವೇಶನ ಸಂಖ್ಯೆಯಿಲ್ಲದ ತುಂಡುಗಳು ಇರುತ್ತವೆ. ಒಂದರೊಳಗೆ 'ಪಾರ್ಕ್' ಎಂದೋ 'ಆಟದ ಮೈದಾನ' ಎಂದೋ ಬರೆದಿರುತ್ತದೆ, ಇನ್ನೊಂದರಲ್ಲಿ 'ಸಿಎ' ಎಂಬ ಎರಡೇ ಅಕ್ಷರ, ಅಂದರೆ ಸಿವಿಕ್ ಅಮೆನಿಟಿ, ನಾಗರಿಕ ಸೌಕರ್ಯ. ಮಾರಾಟಕ್ಕಿಲ್ಲದ ಈ ತುಂಡುಗಳು ಪುಕ್ಕಟೆ ಬಂದವಲ್ಲ. ರಸ್ತೆ, ಚರಂಡಿ, ಉದ್ಯಾನಗಳಿಗೆ ಬಿಟ್ಟ ಭೂಮಿಯ ಖರ್ಚೂ ಮಾರಾಟವಾಗುವ ನಿವೇಶನಗಳ ಬೆಲೆಯಲ್ಲೇ ಕೂಡಿರುತ್ತದೆ. ನಿವೇಶನ ಕೊಂಡವರು ತಮ್ಮ ಚೌಕದ ಜೊತೆಗೆ ಆ ಖಾಲಿ ತುಂಡುಗಳ ಮೇಲಿನ ಭರವಸೆಗೂ ದುಡ್ಡು ಕೊಟ್ಟಿರುತ್ತಾರೆ. ಅಲ್ಲಿ ಒಂದು ಗಿಡವನ್ನೂ ನೆಟ್ಟಿಲ್ಲ, ಬೇಲಿಯನ್ನೂ ಹಾಕಿಲ್ಲ ಎಂಬ ಕಾರಣಕ್ಕೆ ಆ ಭರವಸೆ ಸಾಯುವುದಿಲ್ಲ. 'ಅದು ಹೇಗೂ ಖಾಲಿ ಬಿದ್ದಿದೆಯಲ್ಲ' ಎಂಬ ಮಾತು ಇಂಥ ವ್ಯಾಜ್ಯಗಳಲ್ಲಿ ಪದೇಪದೇ ಕೇಳಿಬರುತ್ತದೆ. ಜಾಗ ಖಾಲಿ ಇರುವುದು ಯೋಜನೆಯನ್ನು ಜಾರಿ ಮಾಡದ ಪ್ರಾಧಿಕಾರದ ಲೋಪ. ಪ್ರಾಧಿಕಾರದ ಲೋಪದ ಲಾಭ ಮೂರನೆಯವರಿಗೆ ಸಿಗಬಾರದು.

ಆದೇಶ ಬಂದ ದಾರಿ

ಪ್ರಕರಣದ ಬುಡದಲ್ಲಿರುವ ಸರ್ಕಾರಿ ಆದೇಶಗಳು 1976ರವು. ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ನಾಗರಿಕ ಸೌಕರ್ಯದ ನಿವೇಶನವೆಂದು ಪರಿವರ್ತಿಸಿ ಆಸ್ಪತ್ರೆಗಾಗಿ ಟ್ರಸ್ಟಿಗೆ ಕೊಡಬೇಕೆಂದು ಮೇಲಿನಿಂದ ನಿರ್ದೇಶನ ಬಂತು. ಮೇಲಿನಿಂದ ಎಂದರೆ ಮುಖ್ಯಮಂತ್ರಿಗಳ ಮಟ್ಟದಿಂದ. ಬಿಡಿಎ ಆ ನಿರ್ದೇಶನವನ್ನು ಪಾಲಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಯ್ದೆಯ ಪ್ರಕಾರ ಬಿಡಿಎ ಎಂದರೆ ಒಬ್ಬ ಅಧಿಕಾರಿಯಲ್ಲ, ಒಂದು ಕಟ್ಟಡವೂ ಅಲ್ಲ. ಅಧ್ಯಕ್ಷರು, ನಗರ ಯೋಜನೆ, ಎಂಜಿನಿಯರಿಂಗ್, ಹಣಕಾಸು ತಿಳಿದ ಸದಸ್ಯರು, ಚುನಾಯಿತ ಪ್ರತಿನಿಧಿಗಳು ಎಲ್ಲ ಸೇರಿದ ಒಂದು ಮಂಡಳಿ ಅದು. ಯೋಜನೆಯಲ್ಲಿ ಏನಾದರೂ ಮಾರ್ಪಾಡು ಬೇಕೆಂದಾಗ ಈ ಮಂಡಳಿ ಕುಳಿತು, ಅದರಿಂದ ಬಡಾವಣೆಗೆ ಸುಧಾರಣೆಯಾಗುತ್ತದೆಯೇ, ಜನರ ಮೇಲೆ ಏನು ಪರಿಣಾಮ ಎಂದು ತೂಗಿ ನೋಡಿ, ತನಗೇ ಮನವರಿಕೆಯಾದರೆ ಮಾತ್ರ ಬದಲಾಯಿಸಬೇಕು. 19ನೇ ಕಲಂನ 4ನೇ ಉಪಕಲಂ ಹೇಳುವುದು ಇದನ್ನೇ. ಈ ಪ್ರಕರಣದಲ್ಲಿ ಆ ಕೂತು ಯೋಚಿಸುವ ಕೆಲಸ ನಡೆಯಲೇ ಇಲ್ಲ. ಯೋಚನೆ ಬೇರೆಲ್ಲೋ ಮುಗಿದಿತ್ತು, ಬಿಡಿಎಗೆ ಉಳಿದದ್ದು ಕಡತಕ್ಕೆ ಸಹಿ ಹಾಕುವುದಷ್ಟೇ.

ಹೈಕೋರ್ಟಿನಲ್ಲಿ ಎರಡು ಉತ್ತರ

ನಿವಾಸಿಗಳು ರಿಟ್ ಅರ್ಜಿ ಹಾಕಿದರು. ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು. ಆಸ್ಪತ್ರೆಯೂ ನಾಗರಿಕ ಸೌಕರ್ಯವೇ, ಆ ಜಾಗವನ್ನು ಯಾವ ಸೌಕರ್ಯಕ್ಕೆ ಕೊಡಬೇಕೆಂಬುದು ಪ್ರಾಧಿಕಾರದ ವಿವೇಚನೆಗೆ ಬಿಟ್ಟದ್ದು ಎಂಬುದು ಆ ತೀರ್ಪಿನ ದಾರಿ. ಮೇಲ್ನೋಟಕ್ಕೆ ಇದು ಒಪ್ಪುವಂತೆಯೇ ಕಾಣುತ್ತದೆ. ಆಸ್ಪತ್ರೆ ಬೇಡ ಎನ್ನುವವರಾರು?

ವಿಭಾಗೀಯ ಪೀಠ ಬೇರೆ ಕಡೆಯಿಂದ ನೋಡಿತು. ಮಂಜೂರಾದ ಯೋಜನೆಯಲ್ಲಿ ಈ ಜಾಗ ಉದ್ಯಾನಕ್ಕೆ ಮೀಸಲಾಗಿದೆ. ಅದನ್ನು ಆ ಉದ್ದೇಶದಿಂದ ತಪ್ಪಿಸಿ ಖಾಸಗಿ ಸಂಸ್ಥೆಗೆ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ, ಕೊಡುವ ಉದ್ದೇಶ ಆಸ್ಪತ್ರೆಯಾದರೂ ಅಷ್ಟೇ. ಜೊತೆಗೆ ಪೀಠ ಇನ್ನೊಂದು ಮಾತು ಸೇರಿಸಿತು: ಉದ್ಯಾನಕ್ಕೆ ಮೀಸಲಾಗಿರದ ಬೇರೆ ಯಾವುದಾದರೂ ನಿವೇಶನವನ್ನು ಕಾನೂನು ಪ್ರಕಾರ ಟ್ರಸ್ಟಿಗೆ ಕೊಡಲು ಈ ತೀರ್ಪು ಅಡ್ಡಿಯಲ್ಲ. ಈ ಸಾಲನ್ನು ಹೆಚ್ಚಿನವರು ಗಮನಿಸುವುದಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಹದವಾದ ಮಾತು ಇದು.

ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು.

ಸುಪ್ರೀಂ ಕೋರ್ಟಿನ ಮುಂದೆ

ಇಬ್ಬರು ನ್ಯಾಯಮೂರ್ತಿಗಳೂ ಬೇರೆ ಬೇರೆಯಾಗಿ ಬರೆದರು, ಆದರೆ ತಲುಪಿದ ತೀರ್ಮಾನ ಒಂದೇ. ಟ್ರಸ್ಟಿನ ಮೇಲ್ಮನವಿ ವಜಾ ಆಯಿತು.

ಮೊದಲು ಎದ್ದದ್ದು ನಿವಾಸಿಗಳಿಗೆ ಕೋರ್ಟಿಗೆ ಬರುವ ಹಕ್ಕಿದೆಯೇ ಎಂಬ ಪ್ರಶ್ನೆ. ಹಳೆಯ ಪದ್ಧತಿಯಲ್ಲಿ ತನ್ನ ಸ್ವಂತ ಆಸ್ತಿಗೋ ಹಕ್ಕಿಗೋ ನೇರ ಧಕ್ಕೆಯಾದವನು ಮಾತ್ರ ಬರಬಹುದಿತ್ತು. ಉದ್ಯಾನದ ಜಾಗ ಯಾವ ನಿವಾಸಿಯ ಹೆಸರಿನಲ್ಲೂ ಇರುವುದಿಲ್ಲ. ಹಾಗಿದ್ದರೆ ಕೇಳುವವರು ಯಾರು? ಇಂಥ ಜಾಗ ಕೈತಪ್ಪಿದರೆ ಮೊಟ್ಟಮೊದಲು, ಎಲ್ಲರಿಗಿಂತ ಹೆಚ್ಚು ತೊಂದರೆಗೊಳಗಾಗುವವರು ಆ ಪ್ರದೇಶದ ನಿವಾಸಿಗಳೇ, ಆದ್ದರಿಂದ ಅವರು ಪ್ರಶ್ನಿಸಬಹುದು ಎಂದಿತು ಕೋರ್ಟು. ಇಂದು ನಮಗಿದು ಸಹಜವೆನಿಸುತ್ತದೆ. ಅಂದು ಇದನ್ನು ಸ್ಪಷ್ಟವಾಗಿ ಬರೆದು ಕೊಡಬೇಕಾಗಿತ್ತು, ಬರೆದು ಕೊಟ್ಟರು. ಆಮೇಲೆ ದೇಶದ ಎಷ್ಟೋ ನಿವಾಸಿಗಳ ಸಂಘಗಳು ಕೋರ್ಟಿನ ಬಾಗಿಲಿಗೆ ಬಂದದ್ದು ಇದರ ಬಲದಿಂದ.

ಎರಡನೆಯದು, ಸರ್ಕಾರದ ನಿರ್ದೇಶನದ ಅಧಿಕಾರ. ಬಿಡಿಎ ಕಾಯ್ದೆಯ 65ನೇ ಕಲಂ ಪ್ರಕಾರ ಸರ್ಕಾರ ಪ್ರಾಧಿಕಾರಕ್ಕೆ ನಿರ್ದೇಶನ ಕೊಡಬಹುದು, ಅದನ್ನು ಪಾಲಿಸುವುದು ಪ್ರಾಧಿಕಾರದ ಕರ್ತವ್ಯ. ಸರ್ಕಾರದ ಕಡೆಯವರ ಕೈಯಲ್ಲಿದ್ದ ಗಟ್ಟಿ ಆಧಾರ ಇದು. ಆದರೆ ಆ ಕಲಂನಲ್ಲೇ ಒಂದು ಕಟ್ಟುಪಾಡು ಇದೆ: ನಿರ್ದೇಶನ ಕೊಡುವುದು ಕಾಯ್ದೆಯ ಉದ್ದೇಶಗಳನ್ನು ಈಡೇರಿಸಲಿಕ್ಕಾಗಿ. ಉದ್ಯಾನಗಳನ್ನು ಉಳಿಸುವುದು ಕಾಯ್ದೆಯ ಉದ್ದೇಶವಾದರೆ ಉದ್ಯಾನವನ್ನು ತೆಗೆಯುವ ನಿರ್ದೇಶನ ಆ ಕಲಂನೊಳಗೆ ಬರಲಾರದು. ಕಾಯ್ದೆ ಪ್ರಾಧಿಕಾರಕ್ಕೆ ಒಪ್ಪಿಸಿದ ಕೆಲಸವನ್ನು ಪ್ರಾಧಿಕಾರವೇ ಮಾಡಬೇಕು. ಅದು ಬೇರೆಯವರ ಕೈಗೆ ದಾಟಿಸುವಂಥದ್ದಲ್ಲ, ಆ ಕೈ ಮುಖ್ಯಮಂತ್ರಿಯದ್ದಾದರೂ ಸರಿ.

ನ್ಯಾಯಮೂರ್ತಿ ಸಹಾಯ್ ಇಲ್ಲಿ ಬಿಗಿಯಾಗಿ ಬರೆದರು. ಸಾರ್ವಜನಿಕ ಸಂಸ್ಥೆಗಳಲ್ಲಿ ಕೆಲಸ ಬೇಗ ಆಗುವುದು ಮೆಚ್ಚತಕ್ಕದ್ದೇ, ಆದರೆ ಎಲ್ಲರೂ ಸೇರಿ ನಿಯಮದಂತೆ ತೀರ್ಮಾನಿಸಬೇಕಾದ ವಿಷಯದಲ್ಲಿ ಒಬ್ಬ ವ್ಯಕ್ತಿಯ ವಿವೇಚನೆ ನಡೆಯಲು ನಮ್ಮ ಪ್ರಜಾಪ್ರಭುತ್ವದ ವ್ಯವಸ್ಥೆಯಲ್ಲಿ ಎಡೆಯಿಲ್ಲ, ಎಷ್ಟೇ ಎತ್ತರದ ಸ್ಥಾನದಲ್ಲಿದ್ದವರಿಗೂ ನಿಯಮವನ್ನು ಬದಿಗಿಡುವ ಅಧಿಕಾರವಿಲ್ಲ ಎಂಬುದು ಅವರ ಮಾತಿನ ಸಾರ. 1991ರಲ್ಲಿ ಬರೆದದ್ದಾದರೂ ಇದು ಇಂದಿನ ಕಡತಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಮೂರನೆಯದು, ಆಸ್ಪತ್ರೆಯೂ ಒಂದು ಸೌಕರ್ಯವಲ್ಲವೇ ಎಂಬ ವಾದ. ಇದನ್ನು ಎದುರಿಸುವುದು ಉಳಿದವುಗಳಿಗಿಂತ ಕಷ್ಟ, ಏಕೆಂದರೆ ಇದರಲ್ಲಿ ನಿಜವಿದೆ. ಊರಿಗೆ ಆಸ್ಪತ್ರೆ ಬೇಕು. ನ್ಯಾಯಮೂರ್ತಿ ಸಹಾಯ್ ಉದ್ಯಾನದ ಚರಿತ್ರೆಯಿಂದ ಉತ್ತರ ಶುರುಮಾಡುತ್ತಾರೆ. ಹಿಂದೆ ಚೆಂದದ ತೋಟ, ಶುದ್ಧ ಗಾಳಿ ಅರಸರಿಗೂ ಸಿರಿವಂತರಿಗೂ ಮೀಸಲು. ಸಾಮಾನ್ಯ ಮನುಷ್ಯನೂ ಸಮಾನ ಎಂಬ ಭಾವನೆ ಬೆಳೆದಂತೆ, 19 ಮತ್ತು 20ನೇ ಶತಮಾನಗಳಲ್ಲಿ, ಸಾರ್ವಜನಿಕ ಉದ್ಯಾನ ರೂಪುಗೊಂಡಿತು. ಅದು ಜನ ತಮಗೆ ತಾವೇ ಕೊಟ್ಟುಕೊಂಡ ಕೊಡುಗೆ. ಖಾಸಗಿ ನರ್ಸಿಂಗ್ ಹೋಂ ಮೂಲತಃ ಲಾಭದ ಉದ್ಯಮ. ಸೇವೆ ಅದರ ಧ್ಯೇಯವಾಕ್ಯವಾಗಿರಬಹುದು, ಗುರಿ ಮಾತ್ರ ಗಳಿಕೆ. ಅದರ ಉಪಯುಕ್ತತೆಯನ್ನು ಅಲ್ಲಗಳೆಯುವುದಿಲ್ಲ, ಆದರೆ ಉದ್ಯಾನ ಬರಿಯ ಸೌಕರ್ಯವಲ್ಲ, ಅಗತ್ಯ. ಅಗತ್ಯವಾದುದನ್ನು ತೆಗೆದು ಖಾಸಗಿ ನರ್ಸಿಂಗ್ ಹೋಂ ಇಟ್ಟರೆ ಅದನ್ನು ಯೋಜನೆಯ ಸುಧಾರಣೆ ಎನ್ನಲಾಗದು.

ನ್ಯಾಯಮೂರ್ತಿ ತೊಮ್ಮೆನ್ ಕಾಯ್ದೆಯ ಒಡಲಿನಿಂದಲೇ ಇದೇ ಮಾತಿಗೆ ಬಂದರು. ಉದ್ಯಾನ, ಆಟದ ಮೈದಾನ, ಮಕ್ಕಳಿಗೆ ಆಡಲು ಜಾಗ, ಹಿರಿಯರಿಗೆ ನಡೆದಾಡಲು ಜಾಗ, ಇವೆಲ್ಲ ಬಡಾವಣೆಯ ಯೋಜನೆಯಲ್ಲಿ ನೋಡಿಕೊಳ್ಳಲೇಬೇಕಾದ ಸಾರ್ವಜನಿಕ ಹಿತಗಳು. ಅಂಥ ಜಾಗವನ್ನು ಗುತ್ತಿಗೆಗೋ ಕ್ರಯಕ್ಕೋ ಖಾಸಗಿಯವರಿಗೆ ಕೊಟ್ಟು ಬೇರೆ ಬಳಕೆಗೆ ತಿರುಗಿಸುವಂತಿಲ್ಲ. ಅವರು ಅಮೆರಿಕದ ಸುಪ್ರೀಂ ಕೋರ್ಟಿನ 1980ರ ಒಂದು ತೀರ್ಪನ್ನೂ ನೆನೆಯುತ್ತಾರೆ. ಕ್ಯಾಲಿಫೋರ್ನಿಯಾದ ಟಿಬುರಾನ್ ಎಂಬ ಊರು ಬಯಲು ಜಾಗ ಉಳಿಸಲು ವಲಯ ನಿಯಮ ತಂದಿತ್ತು. ಅಲ್ಲಿ 5 ಎಕರೆ ಹೊಂದಿದ್ದ ಮಾಲೀಕರು ಅದನ್ನು ಪ್ರಶ್ನಿಸಿದರು, ಕೋರ್ಟು ನಿಯಮವನ್ನು ಎತ್ತಿಹಿಡಿಯಿತು. ನಗರ ಬೆಳೆದಂತೆ ಬರುವ ಕೇಡುಗಳಿಂದ ನಿವಾಸಿಗಳನ್ನು ಕಾಪಾಡಲು ಬಯಲು ಉಳಿಸುವುದು ನ್ಯಾಯವಾದ ಅಧಿಕಾರ ಎಂಬುದು ಎರಡೂ ದೇಶಗಳಲ್ಲಿ ಬಂದ ಉತ್ತರ.

1984ರ ತಿದ್ದುಪಡಿ ಈ ಪ್ರಕರಣದಲ್ಲಿ ಹೇಗೆ ಬಂತೆಂಬುದನ್ನೂ ನೋಡಬೇಕು. ವ್ಯಾಜ್ಯದ ಆದೇಶಗಳು ಹೊರಬಿದ್ದು ವರ್ಷಗಳಾದ ಮೇಲೆ ಬಿಡಿಎ ಕಾಯ್ದೆಗೆ 38ಎ ಕಲಂ ಸೇರಿತು. ಉದ್ಯಾನ, ಆಟದ ಮೈದಾನ ಮತ್ತು ನಾಗರಿಕ ಸೌಕರ್ಯಕ್ಕೆ ಮೀಸಲಾದ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ವಿಲೇವಾರಿ ಮಾಡುವಂತಿಲ್ಲ, ಮಾಡಿದರೆ ಅದು ಅನೂರ್ಜಿತ ಎಂದು ಅದರ ಎರಡನೇ ಉಪಕಲಂ ಹೇಳುತ್ತದೆ. ಹೊಸ ಬಡಾವಣೆಯಲ್ಲಿ ಒಟ್ಟು ವಿಸ್ತೀರ್ಣದ ಕನಿಷ್ಠ ಶೇ 15ರಷ್ಟು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದರ ಮೇಲೆ ಕನಿಷ್ಠ ಶೇ 10ರಷ್ಟು ನಾಗರಿಕ ಸೌಕರ್ಯಗಳಿಗೆ ಬಿಡಬೇಕೆಂಬ ನಿಯಮವೂ ಕಾಯ್ದೆಯಲ್ಲಿದೆ. ನಂತರ ಬಂದ ಕಲಂ ಹಿಂದಿನ ಹಂಚಿಕೆಯನ್ನು ಹೇಗೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆ ಸಹಜ. ಕೋರ್ಟಿನ ಉತ್ತರ: ಶಾಸನಸಭೆಯ ಉದ್ದೇಶ ಮೊದಲಿನಿಂದಲೂ ಇದೇ ಆಗಿತ್ತು, ತಿದ್ದುಪಡಿ ಅದನ್ನು ಬಿಡಿಸಿ ಹೇಳಿತು.

ಶ್ರೀಮಂತರ ಗೆಲುವೇ?

ಸದಾಶಿವನಗರ ಬಡವರ ಬಡಾವಣೆಯಲ್ಲ. ಅನುಕೂಲಸ್ಥರು ತಮ್ಮ ಮನೆಯ ಮುಂದಿನ ಹಸಿರು ಉಳಿಸಿಕೊಂಡರು, ಊರಿಗೊಂದು ಆಸ್ಪತ್ರೆ ತಪ್ಪಿತು ಎಂದು ಯಾರಾದರೂ ಹೇಳಿದರೆ ಅದಕ್ಕೆ ನೇರವಾಗಿ ಉತ್ತರಿಸಬೇಕು. ವ್ಯಾಜ್ಯ ನಡೆಸಲು ದುಡ್ಡು, ವಕೀಲರ ಪರಿಚಯ, ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು. ಅವು ಇದ್ದವರೇ ಮೊದಲು ಕೋರ್ಟಿಗೆ ಹೋಗುತ್ತಾರೆ. ಆದರೆ ಬರೆದ ತತ್ವ ಅವರ ಬಡಾವಣೆಗೆ ಮಾತ್ರ ಉಳಿಯುವುದಿಲ್ಲ. 30×40 ಅಡಿಯ ನಿವೇಶನಗಳ ಸಾಲಿನಲ್ಲಿ, ಮನೆಯೊಳಗೆ ಮಕ್ಕಳಿಗೆ ಓಡಾಡಲು ಜಾಗವೇ ಇಲ್ಲದ ಕಡೆ, ಬೀದಿಯ ಕೊನೆಯ ಮೈದಾನ ಸದಾಶಿವನಗರದ ಉದ್ಯಾನಕ್ಕಿಂತ ಹೆಚ್ಚು ಬೇಕಾದದ್ದು. ಸ್ವಂತ ಅಂಗಳವಿದ್ದವರಿಗೆ ಸಾರ್ವಜನಿಕ ಅಂಗಳ ಇಲ್ಲದಿದ್ದರೂ ನಡೆಯುತ್ತದೆ. ಈ ತೀರ್ಪಿನ ನಿಜವಾದ ವಾರಸುದಾರರು ಸ್ವಂತ ಅಂಗಳವಿಲ್ಲದವರು.

ಇದೇ ತತ್ವ ಮುಂದೆ ಎಲ್ಲಿಗೆ ಹೋಯಿತೆಂದು ನೋಡಿದರೂ ಇದು ತಿಳಿಯುತ್ತದೆ. 1995ರಲ್ಲಿ ದೆಹಲಿಯ ಸರಿತಾ ವಿಹಾರದ ನಿವಾಸಿಗಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅಲ್ಲಿ ಉದ್ಯಾನದ ಜಾಗವನ್ನು ಪುಟ್ಟ ಮಕ್ಕಳ ಶಾಲೆಗೆ ಕೊಡಲಾಗಿತ್ತು. ಆಸ್ಪತ್ರೆಗಿಂತಲೂ ವಿರೋಧಿಸಲು ಕಷ್ಟವಾದ ಉದ್ದೇಶ. ಕೋರ್ಟು ಹಂಚಿಕೆಯನ್ನು ರದ್ದು ಮಾಡಿತು. 1999ರಲ್ಲಿ ಲಖನೌದ ಅಮೀನಾಬಾದಿನ ಝಂಡೇವಾಲಾ ಉದ್ಯಾನದ ನೆಲದಡಿ ಕಟ್ಟುತ್ತಿದ್ದ ಮಳಿಗೆಗಳ ಸಂಕೀರ್ಣವನ್ನು ಕೆಡವಲು ಹೇಳಿತು. ಅಮೀನಾಬಾದ್ ಜನಜಂಗುಳಿಯ ಹಳೆಯ ಪೇಟೆ. ಅಲ್ಲಿ ಹಸಿರು ಉಳಿದರೆ ಅದು ಸಿರಿವಂತರ ಹಸಿರಲ್ಲ.

ಮುಚ್ಚಿದ ಶಾಲೆಯ ಜಾಗಕ್ಕೆ ಬಂದರೆ

ಈಗ ಶಾಲೆಯ ವಿಷಯ. ಬಿಡಿಎ ಕಾಯ್ದೆಯಲ್ಲಿ ನಾಗರಿಕ ಸೌಕರ್ಯ ಎಂದರೇನು ಎಂಬ ವ್ಯಾಖ್ಯೆಯಿದೆ. ಮಾರುಕಟ್ಟೆ, ಅಂಚೆ ಕಚೇರಿ, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಹಾಲಿನ ಬೂತು, ಗ್ರಂಥಾಲಯ, ಬಸ್ ನಿಲ್ದಾಣಗಳ ಜೊತೆಗೆ ಶಾಲೆಯೂ ಆ ಪಟ್ಟಿಯಲ್ಲಿದೆ. ಮನೆ ಇಲ್ಲ. ಆದ್ದರಿಂದ ಬಿಡಿಎ ಬಡಾವಣೆಯ ಸಿಎ ನಿವೇಶನದಲ್ಲಿ ಶಾಲೆ ನಡೆದಿದ್ದು, ಅದು ಮುಚ್ಚಿದ ಮೇಲೆ ಅಲ್ಲಿ ಫ್ಲ್ಯಾಟು ಕಟ್ಟಿ ಮಾರಲು ಹೊರಟರೆ 38ಎ ನೇರವಾಗಿ ಎದುರು ನಿಲ್ಲುತ್ತದೆ. 1989ರ ಸಿಎ ನಿವೇಶನ ಹಂಚಿಕೆ ನಿಯಮಗಳ ಪ್ರಕಾರ ಇಂಥ ಜಾಗ ಸಂಸ್ಥೆಗಳಿಗೆ ಸಾಮಾನ್ಯವಾಗಿ ಸಿಗುವುದು 30 ವರ್ಷದ ಗುತ್ತಿಗೆಗೆ, ಅದೂ ಹೇಳಿದ ಉದ್ದೇಶಕ್ಕೆ ಮಾತ್ರ. ಶಾಲೆ ನಿಂತಿತೆಂದರೆ ಗುತ್ತಿಗೆದಾರ ಸಂಸ್ಥೆ ಅದರ ಮಾಲೀಕ ಆಗಿಬಿಡುವುದಿಲ್ಲ. ಜಾಗ ಇನ್ನೊಂದು ನಾಗರಿಕ ಸೌಕರ್ಯಕ್ಕೆ, ಗ್ರಂಥಾಲಯಕ್ಕೋ ಅಂಗನವಾಡಿಯಂಥ ಮಕ್ಕಳ ಆರೈಕೆ ಕೇಂದ್ರಕ್ಕೋ, ಹೋಗಬಹುದು.

ಎಲ್ಲ ಶಾಲೆಗಳೂ ಸಿಎ ನಿವೇಶನದಲ್ಲಿಲ್ಲ. ಇಲ್ಲೇ ಅನೇಕ ಹೋರಾಟಗಳು ಎಡವುವುದು. 'ಶಾಲೆಯ ಜಾಗ' ಎಂಬ ಒಂದೇ ಮಾತಿನಡಿ ಬೇರೆ ಬೇರೆ ಜಾತಿಯ ಭೂಮಿ ಇರುತ್ತದೆ. ಹಳ್ಳಿಗಳಲ್ಲಿ, ಹಳೆಯ ಪೇಟೆಗಳಲ್ಲಿ ಊರಿನ ದೊಡ್ಡವರು ಶಾಲೆಗೆಂದೇ ದಾನಪತ್ರ ಬರೆದುಕೊಟ್ಟ ಜಮೀನು ಉಂಟು. ಅಲ್ಲಿ ದಾನಪತ್ರದ ಷರತ್ತುಗಳನ್ನು ಅಕ್ಷರ ಬಿಡದೆ ಓದಬೇಕು. ಸರ್ಕಾರಿ ಜಮೀನಾದರೆ ಪಹಣಿಯಲ್ಲಿ ಏನಿದೆ, ಶಿಕ್ಷಣ ಇಲಾಖೆಗೆ ಯಾವ ಆದೇಶದಿಂದ ಬಂತು ಎಂಬುದು ಮುಖ್ಯ. ಖಾಸಗಿ ಶಿಕ್ಷಣ ಸಂಸ್ಥೆ ಸ್ವಂತ ದುಡ್ಡಿನಿಂದ ಕೊಂಡ ಜಮೀನಾದರೆ ಮೆಡಿಕಲ್ ಟ್ರಸ್ಟ್ ತೀರ್ಪು ಅಷ್ಟು ಸಲೀಸಾಗಿ ಕೈಗೆ ಬರುವುದಿಲ್ಲ. ಆಗ ಉಳಿಯುವುದು ಮಾಸ್ಟರ್ ಪ್ಲಾನಿನ ಪ್ರಶ್ನೆ. ಭೂ ಬಳಕೆಯ ನಕ್ಷೆಯಲ್ಲಿ ವಸತಿಗೆ ಹಳದಿ, ಉದ್ಯಾನಕ್ಕೆ ಹಸಿರು, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಗೆ ಕೆಂಪು. ಶಾಲೆಯ ಜಾಗ ಕೆಂಪಿನಲ್ಲಿದ್ದರೆ ಅದನ್ನು ಹಳದಿ ಮಾಡಲು ಒಂದು ವಿಧಿ ಇದೆ.

ಆ ವಿಧಿ ಇರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂನಲ್ಲಿ. ಯೋಜನಾ ಪ್ರಾಧಿಕಾರ ಸರ್ಕಾರದ ಪೂರ್ವಾನುಮತಿಯೊಂದಿಗೆ ಭೂ ಉಪಯೋಗ ಬದಲಾವಣೆಗೆ ಅವಕಾಶ ಕೊಡಬಹುದು, ಆದರೆ ಷರತ್ತುಗಳಿವೆ. ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು. ಈ ಕಾಯ್ದೆಗಾಗಲೀ ಭೂಮಿಯ ಬಳಕೆಗೆ ಸಂಬಂಧಿಸಿದ ಬೇರೆ ಯಾವ ಕಾನೂನಿಗಾಗಲೀ ಅದು ವಿರುದ್ಧವಾಗಿರಕೂಡದು. ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕು. 38ಎ ಇರುವ ಕಡೆ ಈ 14ಎ ಉಪಯೋಗವಿಲ್ಲ ಎಂಬುದು ಎರಡನೆಯ ಷರತ್ತಿನಿಂದಲೇ ಹೊರಡುತ್ತದೆ. ಸಿಎ ನಿವೇಶನದ ಪ್ರಕರಣದಲ್ಲಿ ನಿವಾಸಿಗಳು ಮೊದಲು ಎತ್ತಿ ಹಿಡಿಯಬೇಕಾದ ವಾದ ಇದು.

ಪತ್ರಿಕಾ ಪ್ರಕಟಣೆ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದ ಚೌಕ, ಅದರೊಳಗೆ ಸರ್ವೆ ನಂಬರು, ಗ್ರಾಮದ ಹೆಸರು, ಹೋಬಳಿ, ವಿಸ್ತೀರ್ಣ, 'ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಯಿಂದ ವಸತಿ ಬಳಕೆಗೆ' ಎಂಬ ಒಂದು ಸಾಲು. ಬಡಾವಣೆಯ ಹೆಸರೂ ಶಾಲೆಯ ಹೆಸರೂ ಅದರಲ್ಲಿ ಇರಬೇಕೆಂದಿಲ್ಲ. ಎದುರುಮನೆಯವರೇ ಓದಿದರೂ ಇದು ನಮ್ಮ ಶಾಲೆಯ ಜಾಗ ಎಂದು ಗುರುತು ಹತ್ತುವುದಿಲ್ಲ. ಕೊಟ್ಟ ಗಡುವು ಮುಗಿದ ಮೇಲೆ ಜೆಸಿಬಿ ಬಂದಾಗಷ್ಟೇ ವಿಷಯ ತಿಳಿಯುತ್ತದೆ. ಹಾಗಾಗಿ ಶಾಲೆ ಮುಚ್ಚುವ ಮಾತು ಕೇಳಿದ ದಿನವೇ ಅದರ ಸರ್ವೆ ನಂಬರನ್ನು ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲ ಸಂಘಗಳಿಗೂ ಹೇಳುತ್ತೇನೆ. ಮಂಜೂರಾದ ಬಡಾವಣೆ ನಕ್ಷೆಯ ದೃಢೀಕೃತ ನಕಲು, ಹಂಚಿಕೆ ಪತ್ರ, ಗುತ್ತಿಗೆ ಕರಾರು, ಇವನ್ನು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಮುಂಚಿತವಾಗಿಯೇ ತೆಗೆದಿಟ್ಟುಕೊಳ್ಳಬೇಕು. ಫಲಕ ಹಿಡಿದು ನಿಲ್ಲುವುದು ಆಮೇಲೂ ಆಗುತ್ತದೆ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು ಎಂಬುದಕ್ಕಿಂತ ಏನು ಬರೆಯಬಾರದು ಎಂಬ ಬಗ್ಗೆ ನನಗೆ ಹೆಚ್ಚು ಕಾಳಜಿ. 'ನಮ್ಮ ಬೀದಿಗೆ ಬಾಡಿಗೆದಾರರು ಬರುತ್ತಾರೆ', 'ಬಡವರಿಗೆ ಕಟ್ಟುವ ಮನೆ ಬಂದರೆ ನಿವೇಶನದ ಬೆಲೆ ಇಳಿಯುತ್ತದೆ', 'ಎಂಥ ಜನ ಬರುತ್ತಾರೋ' ಎಂಬ ಮಾತುಗಳು ಸಭೆಗಳಲ್ಲಿ ಕೇಳಿಬರುತ್ತವೆ, ಕೆಲವೊಮ್ಮೆ ಅರ್ಜಿಯೊಳಗೂ ನುಸುಳುತ್ತವೆ. ಇವು ಕಾನೂನಿನಲ್ಲಿ ಆಕ್ಷೇಪಣೆಗಳಲ್ಲ, ನ್ಯಾಯವೂ ಅಲ್ಲ. ಮನೆ ಎಲ್ಲರಿಗೂ ಬೇಕು. ಬೆಂಗಳೂರಿನಂಥ ಊರಿನಲ್ಲಿ ಕಡಿಮೆ ಆದಾಯದವರಿಗೆ ಮನೆ ಕಟ್ಟುವ ಯೋಜನೆಯನ್ನು ಪಕ್ಕದವರ ಮೈಲಿಗೆಯ ಭಯದಿಂದ ತಡೆಯುವುದಕ್ಕೆ ಮೆಡಿಕಲ್ ಟ್ರಸ್ಟ್ ತೀರ್ಪನ್ನು ಬಳಸುವುದು ಆ ತೀರ್ಪಿಗೆ ಮಾಡುವ ಅವಮಾನ. ಸಾಮಾನ್ಯ ಮನುಷ್ಯನ ಸಮಾನತೆಯಿಂದ ಸಾರ್ವಜನಿಕ ಉದ್ಯಾನ ಹುಟ್ಟಿತೆಂದು ಬರೆದ ತೀರ್ಪು ಅದು.

ಬರೆಯಬೇಕಾದದ್ದು ಎಣಿಸಿ ತೋರಿಸಬಹುದಾದ ಸಂಗತಿಗಳು. ಈ ಬಡಾವಣೆಯಲ್ಲಿ ಇನ್ನೆಷ್ಟು ಸಿಎ ನಿವೇಶನಗಳಿವೆ, ಎಷ್ಟು ಈಗಾಗಲೇ ಕೈತಪ್ಪಿವೆ, ಮಕ್ಕಳಿಗೆ ನಡೆದು ಹೋಗುವ ದೂರದಲ್ಲಿ ಬೇರೆ ಮೈದಾನವಿದೆಯೇ, ಶಾಲೆ ಮತ್ತೆ ಬೇಕಾದರೆ ಜಾಗ ಎಲ್ಲಿದೆ. ಈ ಕೊನೆಯ ಪ್ರಶ್ನೆಗೆ ತೂಕ ಹೆಚ್ಚು. ಬಡಾವಣೆಗೂ ವಯಸ್ಸಾಗುತ್ತದೆ: ಮೊದಲು ಬಂದವರ ಮಕ್ಕಳು ದೊಡ್ಡವರಾಗಿ ಹೊರಟಾಗ ಶಾಲೆ ಖಾಲಿಯಾಗುತ್ತದೆ, ಮನೆಗಳು ಕೈಬದಲಾಗಿ ಎಳೆಯ ಸಂಸಾರಗಳು ಬಂದಾಗ ಮತ್ತೆ ಶಾಲೆ ಬೇಕಾಗುತ್ತದೆ. ಆ ಹೊತ್ತಿಗೆ ಜಾಗ ಫ್ಲ್ಯಾಟಾಗಿದ್ದರೆ ನಗರದೊಳಗೆ ಅಷ್ಟು ಭೂಮಿಯನ್ನು ಮತ್ತೆ ಕೊಳ್ಳುವ ಶಕ್ತಿ ಯಾವ ಸರ್ಕಾರಿ ಇಲಾಖೆಗೂ ಇರುವುದಿಲ್ಲ.

ಇದರ ಜೊತೆಗೆ ಮನೆಗಳಿಗೆ ಬೇರೆ ಜಾಗವನ್ನು ತೋರಿಸುವುದೂ ಆಕ್ಷೇಪಣೆ ಸಲ್ಲಿಸುವವರ ಕೆಲಸ ಎಂದು ನಾನು ನಂಬುತ್ತೇನೆ. ಕಾನೂನು ಅದನ್ನು ಕೇಳುವುದಿಲ್ಲ. ಆದರೆ ವಿಭಾಗೀಯ ಪೀಠ ಟ್ರಸ್ಟಿಗೆ ಬೇರೆ ನಿವೇಶನದ ದಾರಿ ತೆರೆದಿಟ್ಟ ಹಾಗೆ, ಮಾಸ್ಟರ್ ಪ್ಲಾನಿನಲ್ಲಿ ವಸತಿಗೆಂದೇ ಗುರುತಿಸಿ ಖಾಲಿ ಬಿಟ್ಟ ಜಮೀನು ಹತ್ತಿರದಲ್ಲೇ ಎಲ್ಲಿದೆ ಎಂದು ಸರ್ವೆ ನಂಬರು ಸಮೇತ ಅರ್ಜಿಯಲ್ಲಿ ಬರೆದುಕೊಟ್ಟರೆ ಪ್ರಾಧಿಕಾರ ಅದಕ್ಕೂ ಉತ್ತರ ಹೇಳಬೇಕಾಗುತ್ತದೆ.